ಹೆರಿಗೆ ಕೊಠಡಿಯಲ್ಲಿ ರಕ್ತವನ್ನು ಅಳೆಯಲು ಆರಂಭಿಸಿದ ಮೇಲೆ

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಪ್ರಸೂತಿ ತಜ್ಞೆಯಾಗಿರುವ ನನ್ನ ಕೆಲಸದ ಕ್ರಮವನ್ನು ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಬದಲಿಸಿದ್ದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ. ಹೆರಿಗೆಯ ನಂತರದ ರಕ್ತಸ್ರಾವವನ್ನು ಕಣ್ಣಂದಾಜಿನಲ್ಲಿ ಗುರುತಿಸುವ ಹಳೆಯ ಕ್ರಮದ ಬದಲು, ರಕ್ತವನ್ನು ಚೀಲದಲ್ಲಿ ಅಳೆದು ಚಿಕಿತ್ಸೆಗಳನ್ನೆಲ್ಲ ಒಟ್ಟಿಗೇ ಆರಂಭಿಸುವ ಹೊಸ ಕ್ರಮವನ್ನು ಅದು ಪರೀಕ್ಷಿಸಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಸಹಜ ಹೆರಿಗೆಗಳಲ್ಲಿ ನಡೆದ ಈ ಅಧ್ಯಯನದಲ್ಲಿ, ಒಂದು ಲೀಟರಿಗೆ ಮುಟ್ಟುವ ರಕ್ತಸ್ರಾವ, ಅದನ್ನು ನಿಲ್ಲಿಸಲು ಹೊಟ್ಟೆ ತೆರೆಯಬೇಕಾದ ಶಸ್ತ್ರಚಿಕಿತ್ಸೆ ಅಥವಾ ರಕ್ತಸ್ರಾವದಿಂದ ಸಾವು ಕಂಡವರ ಪ್ರಮಾಣ ಹಳೆಯ ಕ್ರಮದಲ್ಲಿ ಶೇ 4.3 ಇದ್ದರೆ ಹೊಸ ಕ್ರಮದಲ್ಲಿ ಶೇ 1.6 ಇತ್ತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಅಂಕಿ ಬೇರೆ: ಕಣ್ಣಂದಾಜಿನ ಕ್ರಮದಲ್ಲಿ ರಕ್ತಸ್ರಾವದ ಪ್ರಕರಣಗಳಲ್ಲಿ ಅರ್ಧದಷ್ಟು ಮಾತ್ರ ಗುರುತಿಗೆ ಬಂದಿದ್ದವು, ಅಳತೆಯ ಗೆರೆಗಳಿರುವ ಚೀಲ ಬಳಸಿದಾಗ ಶೇ 93 ಗುರುತಿಗೆ ಬಂದವು. ಇಂಥ ಚೀಲ ನಮಗೆ ಹೊರಗಿನದಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳ ಜೊತೆ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಾತ್ರೆಯಾದ ಮಿಸೋಪ್ರೊಸ್ಟಾಲ್ ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲೇ ಅದನ್ನು ಬಳಸಿದ್ದರು.

ನಾವು ಮಗು ಹೊರಬಂದು ಗರ್ಭನೀರು ಹರಿದುಹೋದ ಮೇಲೆಯೇ ಚೀಲವನ್ನು ಬಾಣಂತಿಯ ಕೆಳಗೆ ಹಾಸುತ್ತೇವೆ. ಮೊದಲೇ ಹಾಸಿದರೆ ನೀರೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಮೊದಲ ಒಂದು ಗಂಟೆ ಪ್ರತಿ 15 ನಿಮಿಷಕ್ಕೆ ನಾಡಿ, ರಕ್ತದೊತ್ತಡ, ಗರ್ಭಕೋಶದ ಬಿಗಿತ ಮತ್ತು ಚೀಲದ ಮಟ್ಟವನ್ನು ಬರೆದಿಡುತ್ತೇವೆ. ಮಟ್ಟ 500 ಮಿಲಿಲೀಟರ್ ಮುಟ್ಟಿದರೆ, ಅಥವಾ 300 ಮುಟ್ಟಿ ಜೊತೆಗೆ ನಾಡಿಯಲ್ಲೋ ಒತ್ತಡದಲ್ಲೋ ಏರುಪೇರು ಕಂಡರೆ, ವೈದ್ಯರಿಗಾಗಿ ಕಾಯದೆ ಸ್ಟಾಫ್ ನರ್ಸ್ ಚಿಕಿತ್ಸೆ ಆರಂಭಿಸಬೇಕೆಂದು ಲಿಖಿತ ಅನುಮತಿ ಕೊಟ್ಟಿದ್ದೇವೆ. ಚೀಲದಷ್ಟೇ ಮುಖ್ಯವಾದದ್ದು ಈ ಅನುಮತಿ ಎಂದು ನಾನು ದೃಢವಾಗಿ ನಂಬಿದ್ದೇನೆ. ಒಂದು ಔಷಧ ಕೊಟ್ಟು ಫಲ ನೋಡಿ ಮುಂದಿನದಕ್ಕೆ ಹೋಗುವ ಹಳೆಯ ಪದ್ಧತಿಯನ್ನು ಬಿಟ್ಟು, ಗರ್ಭಕೋಶದ ಮಸಾಜ್, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಒಂದು ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಮಾಸು ಪೂರ್ತಿ ಬಂದಿದೆಯೇ ಮತ್ತು ಎಲ್ಲಾದರೂ ಹರಿದಿದೆಯೇ ಎಂಬ ಪರೀಕ್ಷೆ, ಇವೆಲ್ಲವನ್ನೂ ಒಟ್ಟಿಗೇ ಮಾಡುತ್ತೇವೆ. ಆಕ್ಸಿಟೋಸಿನ್ ಫ್ರಿಜ್‌ನಲ್ಲೇ ಇರಬೇಕಾದ್ದರಿಂದ, ಉಳಿದೆಲ್ಲ ಸಾಮಗ್ರಿಯಿರುವ ಟ್ರೇಯ ಮೇಲೆ ಅದನ್ನು ನೆನಪಿಸುವ ಚೀಟಿ ಅಂಟಿಸಿದ್ದೇವೆ.

ರಕ್ತಹೀನತೆ ಇರುವವರಿಗೆ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಮುಂಚಿತವಾಗಿಯೇ ಕೊಡಬಾರದೇಕೆ ಎಂದು ಸಹೋದ್ಯೋಗಿಗಳು ಕೇಳುವುದುಂಟು. ಸುಮಾರು 15,000 ಮಹಿಳೆಯರ ಮೇಲೆ ನಡೆದ ವುಮನ್-2 ಅಧ್ಯಯನದಲ್ಲಿ ಹಾಗೆ ಕೊಟ್ಟದ್ದರಿಂದ ರಕ್ತಸ್ರಾವ ಕಡಿಮೆಯಾಗಲಿಲ್ಲ. ಹಾಗಾಗಿ ಅದನ್ನು ಚಿಕಿತ್ಸೆಗಷ್ಟೇ ಇಟ್ಟುಕೊಂಡು, ಅಂಥ ತಾಯಂದಿರ ಹೆಸರು ಮತ್ತು ರಕ್ತದ ಗುಂಪನ್ನು ಹೆರಿಗೆ ನೋವು ಶುರುವಾದಾಗಲೇ ಬೋರ್ಡಿನ ಮೇಲೆ ಬರೆದು, ರಕ್ತನಿಧಿಗೆ ತಿಳಿಸಿಡುತ್ತೇವೆ.