ಹಳ್ಳಕ್ಕೆ ಕಯಾಕ್ ಇಳಿಸೋ ಮುಂಚೆ

ಕೊಪ್ಪಳದಾಗ ಮಳೆ ಬಿತ್ತು ಅಂತ ಹಿರೇಹಳ್ಳಕ್ಕೆ ಕಯಾಕ್ (ಹುಟ್ಟು ಹಾಕೋ ಸಣ್ಣ ದೋಣಿ) ಹೊತ್ತುಕೊಂಡು ಓಡಬೇಡ್ರಿ. ನಮ್ಮ ತಲೆ ಮೇಲೆ ಬಿದ್ದದ್ದು ಲೆಕ್ಕಕ್ಕಿಲ್ಲ. ಹಳ್ಳ ಹರಿದು ಬರೋ ಮೇಲಿನ ಯಲಬುರ್ಗಾ, ಕುಕನೂರು ಕಡೆ ಎಷ್ಟಾಯ್ತು ಕೇಳಬೇಕು. ಅದೂ ಸಾಲದು. ಜೂನ್‌ನಲ್ಲಿ ಎರೆಹೊಲ ಬಿರುಕು ಬಿಟ್ಟು ಬಾಯಾರಿರುತ್ತೆ, ಒಳ್ಳೆ ಮಳೆ ಬಂದರೂ ನುಂಗಿ ಸುಮ್ಮನಾಗುತ್ತೆ. ಸೆಪ್ಟೆಂಬರಿನಲ್ಲಿ ಹೊಲ ನೆನೆದ ಮೇಲೆ ಅಷ್ಟೇ ಮಳೆಗೆ ಹಳ್ಳ ದಂಡೆ ಹಾರುತ್ತೆ. ಒಂದು ಚದರ ಕಿ.ಮೀ. ಮೇಲೆ 1 ಮಿ.ಮೀ. ಮಳೆ ಅಂದ್ರೆ 10 ಲಕ್ಷ ಲೀಟರ್ ನೀರು!

ದಂಡೆಗೆ ಹೋದ ಕೂಡಲೇ ನಾನು ನೀರಂಚಿಗೆ ಒಂದು ಕಡ್ಡಿ ಚುಚ್ಚಿ, ಚಹಾ ಕುಡಿಯುತ್ತ ಅರ್ಧ ತಾಸು ಕೂಡ್ತೀನಿ. ಕಡ್ಡಿ ಮುಳುಗ್ತಾ ಇದೆ, ನೊರೆ ಜೊತೆ ಜೋಳದ ದಂಟು, ಕಸ ತೇಲಿ ಬರ್ತಾ ಇದೆ ಅಂದ್ರೆ ನೀರು ಏರ್ತಾ ಇದೆ. ಅವತ್ತು ವಾಪಸ್. ಹೋದ ವರ್ಷ ಕಡ್ಡಿ ಚುಚ್ಚದೇ ಇಳಿದು ಬಳ್ಳಾರಿ ಜಾಲಿ ಕಂಟಿಯೊಳಗೆ ಸಿಕ್ಕಿಬಿದ್ದೆ. ಕೊಂಬೆ ನಡುವೆ ನೀರು ನುಸುಳುತ್ತೆ, ದೋಣಿ ನುಸುಳಲ್ಲ. ಮುಳ್ಳಿನ ಗೀರು ಮೊಣಕೈ ಮೇಲೆ ಇನ್ನೂ ಇದೆ.

ಬಾಂದಾರದ (ಹಳ್ಳಕ್ಕೆ ಅಡ್ಡ ಕಟ್ಟಿದ ಗಿಡ್ಡ ಒಡ್ಡು) ಕೆಳಗೆ ನೀರು ಹಿಂದಕ್ಕೆ ಸುತ್ತುತ್ತೆ. ನೋಡೋಕೆ ಶಾಂತ, ಹಿಡಿದರೆ ಬಿಡಲ್ಲ. ಅಲ್ಲಿ ಕಯಾಕ್ ಹೊತ್ತು ದಂಡೆ ಮೇಲೆ ನಡೆದೇ ದಾಟ್ರಿ.