‘ಬರೆದು ಕೊಡಿ’ ಅಂದದ್ದೇ ಕೆಲಸ ಮಾಡಿತು

ಗರ್ಭಪಾತ ಮಾಡುವುದಿಲ್ಲ ಅಂತ ಆಸ್ಪತ್ರೆಯವರು ಅಂದರೆ ಕಾಸರಗೋಡಿನ ವಕೀಲರು ನಾವು ಮಾಡುವುದು ಒಂದೇ: ಎರ್ನಾಕುಳಕ್ಕೆ ಹೋಗಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಆದೇಶ ಕೇಳುವುದು. 24 ವಾರದ ಒಳಗಿನ ಕೇಸಿಗೆ ನಾನು ಅದನ್ನು ಬಿಟ್ಟು ಆಸ್ಪತ್ರೆಗೇ ಒಂದು ಕಾಗದ ಕೊಡಲು ತೊಡಗಿ ಒಂದೂವರೆ ವರ್ಷ ಆಯಿತು. ಈ ನಡುವೆ ಆರೋ ಏಳೋ ಹೆಂಗಸರ ಕೆಲಸ ಕೋರ್ಟಿನ ಮೆಟ್ಟಿಲು ಹತ್ತದೆ ಮುಗಿದಿದೆ. “ಕಾಗದ ಕೊಟ್ಟು ಕೂತರೆ ದಿನ ಹೋಗ್ತದೆ ಮಾರಾಯ್ತಿ” ಎಂದಿದ್ದ ಸೀನಿಯರ್ ಈಗ ತಮ್ಮ ಜೂನಿಯರನ್ನು ನನ್ನ ಹತ್ತಿರ ಕಳಿಸುತ್ತಾರೆ.

ಸೋತದ್ದನ್ನು ಮೊದಲು ಹೇಳಬೇಕು. ಮಂಜೇಶ್ವರ ಕಡೆಯ ಹುಡುಗಿ, ಮದುವೆ ಆಗಿರಲಿಲ್ಲ. ಬಂದಾಗ 22 ವಾರ ದಾಟಿತ್ತು. ಆಸ್ಪತ್ರೆಯವರು ಕೋರ್ಟ್ ಆರ್ಡರ್ ತನ್ನಿ ಅಂದರು. ನಾನು ರಾತ್ರಿ ರೈಲು ಹತ್ತಿದೆ. ಕೇಸು ಬೆಂಚಿಗೆ ಬರಲು ನಾಲ್ಕು ದಿನ, ಡಾಕ್ಟರರ ವರದಿ ಬರಲು ಇನ್ನೂ ಆರು ದಿನ. ಅಷ್ಟರಲ್ಲಿ 24 ದಾಟಿತು. ಖರ್ಚು ಸುಮಾರು 38 ಸಾವಿರ. ಅವಳ ಅಮ್ಮ ಬಳೆ ಅಡವಿಟ್ಟು ತಂದ ಹಣ. ಮದುವೆಯಾಗದವರಿಗೂ 24 ವಾರದವರೆಗೆ ಅವಕಾಶ ಇದೆ, 18 ತುಂಬಿದವಳಾದರೆ ಡಾಕ್ಟರರು ಮನೆಯವರ ಒಪ್ಪಿಗೆ, ಕೋರ್ಟಿನ ಅನುಮತಿ ಕೇಳಬಾರದು ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ಕ್ಕೇ ಹೇಳಿತ್ತು. ಆ ತೀರ್ಪು ನನ್ನ ಬ್ಯಾಗಿನಲ್ಲೇ ಇತ್ತು. ಆದರೂ ಆಸ್ಪತ್ರೆಯವರ ಬಾಯಿಮಾತು ನಂಬಿದೆ. ಆ ಹುಡುಗಿಯ ಮುಖ ಇನ್ನೂ ಮರೆತಿಲ್ಲ.

ಈಗ ನಾನು ಕೊಡುವುದು ಒಂದೇ ಪುಟ. ಸ್ಕ್ಯಾನಿಂಗ್ ಆದ ದಿನ, ಇವತ್ತಿಗೆ ಎಷ್ಟು ವಾರ, 20ರಿಂದ 24 ವಾರದವರೆಗೆ ಯಾರಿಗೆಲ್ಲ ಅವಕಾಶ ಅಂತ ಹೇಳುವ ಗರ್ಭಪಾತದ ನಿಯಮ 3ಬಿಯಲ್ಲಿ ಇವಳು ಎಲ್ಲಿ ಬರುತ್ತಾಳೆ, ಅದಕ್ಕೆ ಇಬ್ಬರು ಡಾಕ್ಟರರ ಅಭಿಪ್ರಾಯ ಸಾಕು ಅನ್ನುವುದು. ಕೊನೆಯ ಸಾಲು: ಆಗುವುದಿಲ್ಲ ಎಂದಾದರೆ ಕಾರಣ ಬರೆದು ಸಹಿ ಹಾಕಿ ಕೊಡಿ.

ಬದಿಯಡ್ಕ ಕಡೆಯ ಒಬ್ಬಳನ್ನು ಗಂಡ ಬಿಟ್ಟು ಹೋಗಿದ್ದ. “ಗಂಡನ ಸಹಿ?” ಅಂತ ಡಾಕ್ಟರ್ ಕೇಳಿದರು. “ಕಾನೂನಿನಲ್ಲಿ ಇಲ್ಲ ಡಾಕ್ಟ್ರೇ. ಬೇಕೇ ಬೇಕು ಅಂತಾದರೆ ಹಾಗೇ ಬರೆದು ಕೊಡಿ” ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದರು. ಕಾಗದವನ್ನು ಮತ್ತೊಮ್ಮೆ ಓದಿದರು. ಮುಚ್ಚಳ ಹಾಕಿ ಇನ್ನೊಬ್ಬ ಡಾಕ್ಟರಿಗೆ ಫೋನ್ ಮಾಡಿದರು. ಅವಳು ಜವಳಿ ಅಂಗಡಿಯ ಕವರಿನಲ್ಲಿದ್ದ ರಿಪೋರ್ಟನ್ನು ಎದೆಗೆ ಒತ್ತಿಕೊಂಡೇ ಕೂತಿದ್ದಳು. ಮಾರನೇ ದಿನ ಅಡ್ಮಿಟ್. ಒಟ್ಟು ಖರ್ಚು ಎರಡು ಸಾವಿರದ ಒಳಗೆ. ಅದರಲ್ಲೂ ಸ್ಕ್ಯಾನಿಂಗಿನದ್ದೇ ಜಾಸ್ತಿ.

ಕಾಗದವನ್ನು ಯಾರ ಕೈಗೆ, ಯಾವ ಹೊತ್ತಿಗೆ ಕೊಡಬೇಕು ಅನ್ನುವುದು ಮುಖ್ಯ. ಅದನ್ನು ಇಲ್ಲಿ ಬರೆಯುವುದಿಲ್ಲ. ಕಾಗದ ತಲುಪಿತು ಅಂತ ಸೀಲು ಹಾಕಿಸಿಕೊಳ್ಳದೆ ಮಾತ್ರ ಹೊರಗೆ ಬರಬೇಡಿ. ತಲಪಾಡಿ ಗಡಿ ದಾಟಿ ಮಂಗಳೂರಲ್ಲಿ ಮಾಡಿಸಿದ ಸ್ಕ್ಯಾನಿಂಗ್ ಇದ್ದರೆ ಈ ಕಡೆಯೂ ಒಂದು ಮಾಡಿಸಿ. ವಾರದ ಲೆಕ್ಕದ ಜಗಳದಲ್ಲಿ ನನಗೆ ಎರಡು ದಿನ ಹೋಗಿತ್ತು.

ಒಮ್ಮೆ ಬರೀ ಕನ್ನಡದಲ್ಲಿ ಕೊಟ್ಟು ನೋಡಿದೆ. ಇಲ್ಲಿಯ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು ಅಂತ ಕೇರಳದ 1969ರ ಭಾಷಾ ಕಾಯ್ದೆ ಹೇಳಿತ್ತಲ್ವಾ? ಆದರೆ ಅನುವಾದಕ್ಕೆ ಅಂತ ಎರಡು ದಿನ ಮೇಜಿನ ಮೇಲೇ ಬಿತ್ತು. ಈಗ ಮೇಲೆ ಕನ್ನಡ, ಕೆಳಗೆ ಮಲಯಾಳ. ತಾನು ಸಹಿ ಹಾಕುವುದನ್ನು ಹೆಂಗಸು ಓದಿಯೇ ಹಾಕಬೇಕು. ಅದನ್ನು ಬಿಟ್ಟುಕೊಡುವುದಿಲ್ಲ.

ರಾಜಕೀಯದವರ ಹತ್ತಿರವೂ ಹೋದೆ. ಮೂರು ಪಕ್ಷದವರೂ ಚುನಾವಣೆ ಆಗಲಿ ಅಂದರು. ಗರ್ಭಪಾತದ ಹಕ್ಕು ಅಂತ ಕೇಳಿದ್ದೇ ತಪ್ಪಾಯಿತು. ಹೆಂಗಸು ಆಸ್ಪತ್ರೆಯಲ್ಲಿ ಸಹಿ ಹಾಕುವ ಒಪ್ಪಿಗೆ ಪತ್ರದ ಕನ್ನಡ ಪ್ರತಿ ಇಡಿಸಿ ಅಂತ ಕೇಳಿದಾಗ ಒಬ್ಬ ಪಂಚಾಯತ್ ಸದಸ್ಯೆ ಒಂದೇ ವಾರದಲ್ಲಿ ಮಾಡಿಸಿದರು. ಭಾಷೆಯ ವಿಷಯಕ್ಕೆ ಇಲ್ಲಿ ಯಾರೂ ಬೇಡ ಅನ್ನುವುದಿಲ್ಲ.

24 ದಾಟಿದರೆ ಈ ದಾರಿ ನಡೆಯುವುದಿಲ್ಲ. ಮಗುವಿಗೆ ಗಂಭೀರ ನ್ಯೂನತೆ ಇದ್ದರೆ ಸರ್ಕಾರ ನೇಮಿಸಿದ ಡಾಕ್ಟರರ ಮೆಡಿಕಲ್ ಬೋರ್ಡಿಗೆ ಕೊಡಿ, ಅವರು 3 ದಿನದಲ್ಲಿ ಹೇಳಬೇಕು. ಇಲ್ಲದಿದ್ದರೆ ರಿಟ್ಟೇ ಗತಿ. ಅಂಥದ್ದೊಂದು ಕೇಸು ನಿನ್ನೆ ಸಂಜೆ ಬಂತು. ಇವತ್ತು ರಾತ್ರಿಯ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ.