ಲೈಟು ಹತ್ತುತ್ತದೆ, ಮುಂದಿನ ಗಾಲಿ ತಿರುಗುವುದಿಲ್ಲ

ಕಾರಟಗಿ ಕಡೆಯ ಕಪ್ಪು ಮಣ್ಣಿನ ಎರಿ ಹೊಲ ಮಳೆಗೆ ನೆನೆದರೆ ಗಾಡಿಯನ್ನು ಹೇಗೆ ಹಿಡಿಯುತ್ತದೆ ಅನ್ನೋದು ಅಲ್ಲಿ ಒಮ್ಮೆ ಸಿಕ್ಕಿಕೊಂಡವರಿಗೆ ಗೊತ್ತು. ಹೋದ ವರ್ಷ ಭತ್ತದ ಕಟಾವಿಗೆ ಸರಿಯಾಗಿ ಎರಡು ದಿನ ಮಳೆ ಹೊಡೆಯಿತು. ಚೈನ್ ಮಷಿನ್ ತರಿಸಿ ಹೇಗೋ ಕೊಯ್ಯಿಸಿದೆವು. 75 ಕೆ.ಜಿ.ಯ 12 ಚೀಲ ಹೇರಿಕೊಂಡು ಬದು ದಾಟುವಾಗ ನನ್ನ ಪಿಕಪ್‌ನ ಹಿಂದಿನ ಗಾಲಿ ಕೂತವು. ಗುಂಡಿ ತಿರುಗಿಸಿ, ಮುಂದಿನ ಗಾಲಿಗೂ ಶಕ್ತಿ ಕೊಡುವ ಫೋರ್ ವೀಲ್ ಹಾಕಿದೆ, ಮೀಟರಿನಲ್ಲಿ ಲೈಟೂ ಹತ್ತಿತು. ಎಕ್ಸಲೇಟರ್ ಒತ್ತಿದರೆ ಹಿಂದಿನವು ರಾಡಿ ಚೆಲ್ಲುತ್ತ ಇನ್ನೂ ಒಳಗೆ ಇಳಿದವು. ಬದುವಿನ ಮೇಲೆ ನಿಂತಿದ್ದ ತಮ್ಮ ಕೂಗಿದ: "ಅಣ್ಣಾ, ಬಿಡು! ಮುಂದಿನ ಗಾಲಿ ತಿರುಗವಲ್ವು!"

ಟ್ರ್ಯಾಕ್ಟರ್ ತಂದು ಎಳೆಸಿದೆವು. ಮರುದಿನ ಪೇಟೆಯ ಗ್ಯಾರೇಜಿನಲ್ಲಿ ತೋರಿಸಿದರೆ, ಗಾಡಿ ಮೇಲೆತ್ತಿ ನೋಡದೆಯೇ "ಟ್ರಾನ್ಸ್‌ಫರ್ ಕೇಸ್ ಇಳಿಸಬೇಕ್ರೀ, 35 ಸಾವಿರ ಇಟ್ಕೊಳ್ರಿ" ಎಂದರು. ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಗಾಲಿಗಳ ಕಡೆಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. 35 ಸಾವಿರ ಅಂದರೆ ಒಂದು ಎಕರೆ ಭತ್ತದ ದುಡ್ಡಿನಲ್ಲಿ ದೊಡ್ಡ ಪಾಲು. ಬಿಚ್ಚುವ ಮೊದಲು ಶಕ್ತಿ ಎಲ್ಲಿಯವರೆಗೆ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ ಅಂತ ನಾನೇ ನೋಡುತ್ತೇನೆ ಎಂದು ಮನೆಗೆ ತಂದೆ.

ನನ್ನದು ಹದಿನೈದು ವರ್ಷದ ಹಳೆ ಡೀಸೆಲ್ ಗಾಡಿ. ಇದರಲ್ಲಿ ಫೋರ್ ವೀಲ್ ಹತ್ತಬೇಕಾದರೆ ಎರಡು ಕೆಲಸ ಆಗಬೇಕು. ಗುಂಡಿ ತಿರುಗಿಸಿದಾಗ ಟ್ರಾನ್ಸ್‌ಫರ್ ಕೇಸಿನ ಮೇಲಿರುವ ಸಣ್ಣ ಮೋಟರ್ ಮುಂದಕ್ಕೆ ಶಕ್ತಿ ಒಯ್ಯುವ ಉದ್ದ ಸಲಾಕೆಯನ್ನು, ಅಂದರೆ ಮುಂದಿನ ಪ್ರೊಪೆಲರ್ ಶಾಫ್ಟನ್ನು ಜೋಡಿಸುತ್ತದೆ. ಅದೇ ಹೊತ್ತಿಗೆ ಡೈನಮೊ ಹಿಂದಿನ, ಗಾಳಿ ಹೀರುವ ವ್ಯಾಕ್ಯೂಮ್ ಪಂಪಿನ ಎಳೆತ ರಬ್ಬರ್ ಪೈಪಿನಲ್ಲಿ ಮುಂದಿನ ಗಾಲಿಗಳಿಗೆ ಹೋಗಿ ಗಾಲಿ ನಡುವಿನ ಹಬ್ ಲಾಕ್ ಮಾಡುತ್ತದೆ, ಅಂದರೆ ಗಾಲಿಯನ್ನು ಅದರ ಎಕ್ಸೆಲ್‌ಗೆ ಜೋಡಿಸುತ್ತದೆ. ಮೀಟರಿನ ಲೈಟಿಗೆ ಗೊತ್ತಾಗುವುದು ಮೊದಲನೆಯ ಕೆಲಸ ಮಾತ್ರ. ಹಬ್ ಹಿಡಿಯಿತೋ ಇಲ್ಲವೋ ಅದಕ್ಕೆ ತಿಳಿಯದು.

ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಎರಡೂ ಗಾಲಿ ಎತ್ತಿ ಕೆಳಗೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಯಾರೂ ಗಾಡಿ ಕೆಳಗೆ ಹೋಗಬೇಡಿ. ಟೂ ವೀಲ್‌ನಲ್ಲಿ ಮುಂದಿನ ಶಾಫ್ಟ್ ಕೈಯಲ್ಲಿ ಸಲೀಸಾಗಿ ತಿರುಗಿತು. ಫೋರ್ ವೀಲ್‌ಗೆ ಹಾಕಿದೆ, ಮೋಟರ್ 'ಟಕ್' ಎಂದಿತು, ಶಾಫ್ಟ್ ಗಟ್ಟಿಯಾಗಿ ನಿಂತಿತು. ಅಂದರೆ ಟ್ರಾನ್ಸ್‌ಫರ್ ಕೇಸ್ ತನ್ನ ಕೆಲಸ ಮಾಡುತ್ತಿದೆ. 35 ಸಾವಿರದ ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಚಾಲೂ ಇಟ್ಟು ಗಾಲಿ ತಿರುಗಿಸಿದೆ. ಎಡಗಾಲಿ ತಿರುಗಿಸಿದರೆ ಅದರ ಹಿಂದಿನ ಎಕ್ಸೆಲ್, ರಬ್ಬರ್ ಬೂಟಿನ ಸಮೇತ ಜೊತೆಗೇ ತಿರುಗುತ್ತಿತ್ತು. ಬಲಗಡೆಯ ಎಕ್ಸೆಲ್ ಉಲ್ಟಾ ತಿರುಗುತ್ತಿತ್ತು, ಆದರೆ ಬಲಗಾಲಿ ಅಲುಗಲಿಲ್ಲ. ಬಲಗಡೆಯ ಹಬ್ ಮಾತ್ರ ಹಿಡಿದಿರಲಿಲ್ಲ. ಹಾಗಿದ್ದರೆ ಹೊಲದಲ್ಲಿ ಎಡಗಾಲಿಯಾದರೂ ಎಳೆಯಬೇಕಿತ್ತಲ್ಲ ಎಂದು ತಮ್ಮ ಕೇಳಿದ. ಎಳೆಯುವುದಿಲ್ಲ. ಎಡ, ಬಲ ಎಕ್ಸೆಲ್‌ಗಳಿಗೆ ಶಕ್ತಿ ಹಂಚುವ ಮುಂದಿನ ಡಿಫರೆನ್ಷಿಯಲ್ ಯಾವ ಕಡೆ ಹಗುರವೋ ಆ ಕಡೆಗೆ ತಿರುಗುತ್ತದೆ. ಬಲಗಡೆಯ ಎಕ್ಸೆಲ್ ಗಾಲಿಯ ಹಂಗಿಲ್ಲದೆ ಸುಮ್ಮನೆ ಸುತ್ತುತ್ತಿದ್ದರೆ ಎಡಗಡೆಗೂ ಬಲ ಸಿಗದು. ಒಂದು ಹಬ್ ಕೈಕೊಟ್ಟರೆ ಎರಡೂ ಗಾಲಿ ಕೈಕೊಟ್ಟಂತೆ.

ಬ್ರೇಕ್ ಹಗುರವಾಗಿಯೇ ಇತ್ತು. ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರಿಗೂ ಅದೇ ಪಂಪಿನ ಎಳೆತ ಬೇಕು, ಆದ್ದರಿಂದ ಪಂಪ್ ಮೇಲೆ ಅನುಮಾನ ಬರಲಿಲ್ಲ. ಬಲಗಾಲಿಯ ಪೈಪ್ ಕಿತ್ತು ತುದಿಗೆ ಹೆಬ್ಬೆರಳು ಇಟ್ಟೆ. ಎಳೆಯಿತು, ಆದರೆ ಸಣ್ಣ ಮಗು ಬೆರಳು ಚೀಪಿದ ಹಾಗೆ. ಎಳೆತ ಅಳೆಯುವ ಗೇಜ್ ಕಡ ತಂದು ಹಾಕಿದರೆ ಪಾದರಸದ ಲೆಕ್ಕದಲ್ಲಿ 12 ಇಂಚು. ಎರಡೂ ಕಡೆಗೆ ಪೈಪ್ ಕವಲೊಡೆಯುವ ಜಾಗದಲ್ಲಿ ಬಲಗಡೆಯದನ್ನು ಮುಚ್ಚಿದೆ, ಎಡಗಡೆ 25ಕ್ಕೆ ಏರಿತು. ಸೋರಿಕೆ ಬಲಗಡೆಯೇ. ಪೈಪನ್ನು ಬೆರಳಿನ ಸುತ್ತ ಬಾಗಿಸಿ ನೋಡುತ್ತ ಹೋದೆ. ಸ್ಟೇರಿಂಗ್ ತಿರುಗಿದಾಗಲೆಲ್ಲ ಮಡಚುವ ಆ ಗೇಣುದ್ದದ ಜಾಗದಲ್ಲಿ ರಬ್ಬರ್ ಒಣಗಿದ ಎರಿ ನೆಲದಂತೆ ಬಿರುಕು ಬಿಟ್ಟಿತ್ತು. ನೆಟ್ಟಗಿದ್ದಾಗ ಕಾಣುವುದಿಲ್ಲ, ಬಾಗಿಸಿದರೆ ಬಾಯಿ ತೆರೆಯುತ್ತದೆ.

ಇಲ್ಲಿ ಎರಡು ತಪ್ಪು ಮಾಡಿದೆ. ಕೈಗೆ ಸಿಕ್ಕ ಮೆತ್ತನೆಯ ಪೆಟ್ರೋಲ್ ಪೈಪ್ ಹಾಕಿದೆ. ಎಂಜಿನ್ ಬಿಸಿಯಾದ ಮೇಲೆ ಎಳೆತಕ್ಕೆ ಅದು ಒಳಗೇ ಅಂಟಿಕೊಂಡು ಚಪ್ಪಟೆಯಾಯಿತು. ಗಂಗಾವತಿಗೆ ಹೋಗಿ ದಪ್ಪ ಗೋಡೆಯ ವ್ಯಾಕ್ಯೂಮ್ ಪೈಪನ್ನೇ ತಂದು ಹಾಕಿದ ಮೇಲೆ ಬಲಗಡೆಯೂ 25 ತೋರಿಸಿತು. ಎರಡು ದಿನ ಚೆನ್ನಾಗಿ ಹತ್ತಿತು. ಮೂರನೆಯ ದಿನ ಬೆಳಗಿನ ಚಳಿಯಲ್ಲಿ ಮತ್ತೆ ಬಲಗಾಲಿ ಹಿಡಿಯಲಿಲ್ಲ.

ಎರಡನೆಯ ತಪ್ಪು ಆಗ ಹೊಳೆಯಿತು. ಸೋರಿಕೆ ಇದ್ದಾಗ ಎಡಗಡೆಗೂ ಸಿಗುತ್ತಿದ್ದದ್ದು ಅದೇ 12 ಇಂಚು. ಆದರೂ ಎಡ ಹಬ್ ಹಿಡಿಯುತ್ತಿತ್ತು. ಹಾಗಾದರೆ ಬಲ ಹಬ್ಬಿನೊಳಗೇ ಏನೋ ಇದೆ ಎಂದು ಮೊದಲ ದಿನವೇ ಯೋಚಿಸಬೇಕಿತ್ತು.

ಅಲನ್ ಬೋಲ್ಟ್ ಬಿಚ್ಚಿ ಮುಚ್ಚಳ ತೆಗೆದೆ. ಗ್ರೀಸ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ತಡೆಯುವ ರಬ್ಬರ್ ಬಳೆ, ಅಂದರೆ ಹಳೆಯ ಓ-ರಿಂಗ್, ಚಪ್ಪಟೆಯಾಗಿ ನೀರು ಒಳಗೆ ಇಳಿದಿತ್ತು. ಅದರ ಮೇಲೆ ಯಾರೋ ಹಿಂದೆ ಬೇರಿಂಗಿಗೆ ತುಂಬುವ ಹಾಗೆ ದಪ್ಪ ಗ್ರೀಸ್ ತುಂಬಿದ್ದರು. ಲಾಕ್ ಆಗುವ ಹಲ್ಲಿನ ರಿಂಗ್ ಅದರಲ್ಲಿ ಜಾರಬೇಕು, ಚಳಿಗೆ ಗಟ್ಟಿಯಾದ ಗ್ರೀಸಿನಲ್ಲಿ ಹೇಗೆ ಜಾರೀತು? ಡೀಸೆಲ್‌ನಲ್ಲಿ ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಹಲ್ಲುಗಳಿಗೆ ಬೆರಳಿನಿಂದ ಗ್ರೀಸ್ ತೆಳ್ಳಗೆ ಸವರಿದೆ, ಹೊಸ ಓ-ರಿಂಗ್ ಹಾಕಿದೆ. ಎಳೆತಕ್ಕೆ ಅಲುಗುವ ರಬ್ಬರ್ ಪೊರೆ, ಡಯಾಫ್ರಮ್‌ಗೆ ಡೀಸೆಲ್ ತಾಗಿಸಲಿಲ್ಲ, ತಾಗಿದರೆ ಉಬ್ಬಿ ಹಾಳಾದೀತು. ಎಡಗಡೆಯ ಪೈಪೂ ಅದೇ ವಯಸ್ಸಿನದು, ಅದನ್ನೂ ಬದಲಿಸಿದೆ. ಓಡಾಟದ ಖರ್ಚು ಸೇರಿ ಎಲ್ಲವೂ ಸಾವಿರದೊಳಗೆ.

ಈಗ ತಿಂಗಳಿಗೊಮ್ಮೆ ಕಾಲುವೆ ಪಕ್ಕದ ಮಣ್ಣಿನ ದಾರಿಯಲ್ಲಿ ಒಂದೆರಡು ಕಿಲೋಮೀಟರ್ ಫೋರ್ ವೀಲ್‌ನಲ್ಲಿ ಓಡಿಸುತ್ತೇನೆ. ಡಾಂಬರಿನ ಮೇಲೆ ಓಡಿಸಬಾರದು. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಓಡುತ್ತದೆ, ಆ ವ್ಯತ್ಯಾಸ ಜಾರಲು ಜಾಗವಿಲ್ಲದೆ ಒಳಗಿನ ಗೇರು ಬಿಗಿದುಕೊಂಡು ಮತ್ತೆ ಟೂ ವೀಲ್‌ಗೆ ಬರಲು ಒಪ್ಪುವುದಿಲ್ಲ. ಹಾಗಾದಾಗ ಹತ್ತಿಪ್ಪತ್ತು ಅಡಿ ನೆಟ್ಟಗೆ ರಿವರ್ಸ್ ಹೋದರೆ ಬಿಡುತ್ತದೆ.

ಕಾಲುವೆಗೆ ನೀರು ಬಿಟ್ಟ ಮೇಲೆ ಅದೇ ಬದುವಿಗೆ ಗೊಬ್ಬರದ ಚೀಲ ಹೇರಿಕೊಂಡು ಹೋದೆ. ಲೈಟು ಹತ್ತಿತು. ನಾನು ಲೈಟು ನೋಡಲಿಲ್ಲ, ತಮ್ಮನ ಕಡೆ ನೋಡಿದೆ. ಅವನು ಬಗ್ಗಿ ಗಾಲಿ ನೋಡಿ ಕೈಯೆತ್ತಿದ: "ಎರಡೂ ತಿರುಗಾಕ ಹತ್ಯಾವಣ್ಣ, ಬಾ!"